ಪುಟ್ಟ ವಿದ್ಯುತ್ ಕಾರೋ, ಪ್ಲಗ್-ಇನ್ ಹೈಬ್ರಿಡ್ ಎಸ್‌ಯುವಿಯೋ? ಚಿಕ್ಕಮಗಳೂರು, ಹಾಸನದವರಿಗೆ ಒಂದು ಮಾರ್ಗದರ್ಶಿ

ಸಂಜೆಯ ಹೊತ್ತು ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕಿದವರಿಗೆ ಮೂರು ಮೀಟರ್ ಉದ್ದದ ಕಾರಿನ ಬೆಲೆ ಗೊತ್ತು. ಅವರೇ ಭಾನುವಾರ ಕಳಸದ ಕಡೆಗೋ ಬಾಳೆಹೊನ್ನೂರಿನ ಕಡೆಗೋ ಹೊರಟು, ಮಳೆಗೆ ಕಿತ್ತುಹೋದ ರಸ್ತೆ ಸಿಕ್ಕಾಗ ಎತ್ತರದ, ಗಟ್ಟಿಮುಟ್ಟಾದ ಗಾಡಿಗಾಗಿ ಹಂಬಲಿಸುತ್ತಾರೆ. ಪೇಟೆಗೆ ಪುಟ್ಟ ವಿದ್ಯುತ್ ಕಾರು ಸಾಕೇ, ಅಥವಾ ಸ್ವಲ್ಪ ದೂರ ಕರೆಂಟಿನಲ್ಲಿ, ಉಳಿದ ದೂರ ಪೆಟ್ರೋಲಿನಲ್ಲಿ ಓಡುವ ಪ್ಲಗ್-ಇನ್ ಹೈಬ್ರಿಡ್ ಎಸ್‌ಯುವಿ ಬೇಕೇ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಂದಲೇ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮನೆಯ ಪ್ಲಗ್ ಪಾಯಿಂಟು ಮತ್ತು ನಿಮ್ಮ ದಿನನಿತ್ಯದ ರಸ್ತೆ, ಇವೆರಡೇ ಈ ಪ್ರಶ್ನೆಗೆ ಉತ್ತರ ಕೊಡಬೇಕು. ಷೋರೂಮಿನ ಕರಪತ್ರಕ್ಕೆ ಆ ಅಧಿಕಾರ ಕೊಡಬೇಡಿ. ಪೇಟೆಯೊಳಗಿನ ಮನೆ, ಸ್ವಂತ ಪಾರ್ಕಿಂಗ್, ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರ್ ಓಡಾಟ ಇದ್ದವರಿಗೆ ಪುಟ್ಟ ವಿದ್ಯುತ್ ಕಾರಿಗೆ ಸಾಟಿಯಿಲ್ಲ. ಪ್ರತಿ ರಾತ್ರಿ ಪ್ಲಗ್ ಹಾಕುವ ಶಿಸ್ತಿಲ್ಲದವರಿಗೆ ಪ್ಲಗ್-ಇನ್ ಹೈಬ್ರಿಡ್ ದುಬಾರಿ ಪೆಟ್ರೋಲ್ ಗಾಡಿಯಾಗಿಯೇ ಉಳಿಯುತ್ತದೆ. ಇಷ್ಟನ್ನು ನಿಮ್ಮ ಮನೆಯ ಲೆಕ್ಕಕ್ಕೆ ಒಗ್ಗಿಸಿ ನೋಡುವುದು ಹೇಗೆ ಎಂಬುದನ್ನು ಮುಂದೆ ಹಂತಹಂತವಾಗಿ ಬರೆದಿದ್ದೇನೆ.

ಹಂತ 1: ಯಾವುದು ಯಾವುದೆಂದು ಸ್ಪಷ್ಟ ಮಾಡಿಕೊಳ್ಳಿ

ಪುಟ್ಟ ವಿದ್ಯುತ್ ಕಾರು ಎಂದರೆ ನಮ್ಮಲ್ಲಿ ಮುಖ್ಯವಾಗಿ ಎರಡು ಹೆಸರು. 2023ರಲ್ಲಿ ಬಂದ ಎಂ.ಜಿ. ಕಾಮೆಟ್‌ನ ಉದ್ದ 2,974 ಮಿಲಿಮೀಟರ್, ಬಾಗಿಲು ಎರಡು, ಸೀಟು ನಾಲ್ಕು, ಬ್ಯಾಟರಿ 17.3 ಯೂನಿಟ್ (ಕಿಲೋವ್ಯಾಟ್-ಅವರ್). ಕಂಪನಿ ಹೇಳುವ ದೂರ 230 ಕಿಲೋಮೀಟರ್. 2022ರಲ್ಲಿ ಬಂದ ಟಾಟಾ ಟಿಯಾಗೊ ಇ.ವಿ. ಇದಕ್ಕಿಂತ ದೊಡ್ಡದು, ಐದು ಬಾಗಿಲಿನದು. ಅದರಲ್ಲಿ 19.2 ಮತ್ತು 24 ಯೂನಿಟ್‌ನ ಎರಡು ಬ್ಯಾಟರಿಗಳಿವೆ. ಇವೆರಡರ ನಡುವೆ ಒಂದು ದೊಡ್ಡ ವ್ಯತ್ಯಾಸವಿದೆ. ಕಾಮೆಟ್‌ಗೆ ಹೆದ್ದಾರಿಯ ಡಿ.ಸಿ. ವೇಗದ ಚಾರ್ಜರ್ ಹೊಂದುವುದಿಲ್ಲ, ಟಿಯಾಗೊಗೆ ಹೊಂದುತ್ತದೆ. ಕಾಮೆಟ್‌ನ 'ಫಾಸ್ಟ್ ಚಾರ್ಜಿಂಗ್' ಮಾದರಿ ಎಂದು ಮಾರುವುದು 7.4 ಕಿಲೋವ್ಯಾಟ್‌ನ ಎ.ಸಿ. (ಮನೆಯ ಕರೆಂಟಿನ ಬಗೆಯ) ಚಾರ್ಜಿಂಗ್. ಅದರಲ್ಲಿ ಮೂರೂವರೆ ಗಂಟೆಗೆ ಬ್ಯಾಟರಿ ತುಂಬುತ್ತದೆ. ಸಾಮಾನ್ಯ 3.3 ಕಿಲೋವ್ಯಾಟ್ ಚಾರ್ಜರ್‌ನಲ್ಲಿ ಏಳು ಗಂಟೆ. ಬೆಂಗಳೂರು ದಾರಿಯಲ್ಲಿ ಕಾಫಿ ಕುಡಿದೇಳುವಷ್ಟರಲ್ಲಿ ಚಾರ್ಜ್ ಆಗುವ ಗಾಡಿ ಕಾಮೆಟ್ ಅಲ್ಲ ಎಂಬುದನ್ನು ತಿಳಿದೇ ಕೊಳ್ಳಿ.

ಇನ್ನು ಹೈಬ್ರಿಡ್. ಇಲ್ಲಿ ಜನ ಎಡವುವುದು ಹೆಚ್ಚು. ಇನ್ನೋವಾ ಹೈಕ್ರಾಸ್, ಹೈರೈಡರ್, ಗ್ರ್ಯಾಂಡ್ ವಿಟಾರಾಗಳ ಹೈಬ್ರಿಡ್ ಮಾದರಿಗಳು ಪ್ಲಗ್-ಇನ್ ಅಲ್ಲ. ಅವುಗಳಿಗೆ ಚಾರ್ಜಿಂಗ್ ಕಿಂಡಿಯೇ ಇಲ್ಲ. ಒಂದು ಯೂನಿಟ್‌ನ ಆಸುಪಾಸಿನ ಸಣ್ಣ ಬ್ಯಾಟರಿಯನ್ನು ಎಂಜಿನ್ ಮತ್ತು ಬ್ರೇಕ್ ತಾವೇ ತುಂಬಿಸಿಕೊಳ್ಳುತ್ತವೆ. ಓಡುವುದು ಪೂರ್ತಿ ಪೆಟ್ರೋಲಿನಿಂದ, ಆದರೆ ಮಿತವಾಗಿ. ಇವನ್ನು 'ಸ್ಟ್ರಾಂಗ್ ಹೈಬ್ರಿಡ್' ಎನ್ನುತ್ತಾರೆ. ಪ್ಲಗ್-ಇನ್ ಹೈಬ್ರಿಡ್‌ನಲ್ಲಿ ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತೈದು ಯೂನಿಟ್‌ನ ಬ್ಯಾಟರಿ ಇರುತ್ತದೆ. ಗೋಡೆಯ ಪ್ಲಗ್‌ನಿಂದ ಚಾರ್ಜ್ ಮಾಡಿದರೆ ಮಾದರಿಗೆ ತಕ್ಕಂತೆ ಐವತ್ತರಿಂದ ಎಂಬತ್ತು ಕಿಲೋಮೀಟರ್ ಎಂಜಿನ್ ಇಲ್ಲದೆ ಓಡಬಲ್ಲದು. ಆಮೇಲೆ ಪೆಟ್ರೋಲ್.

ಕಹಿಯಾದ ಒಂದು ಮಾತನ್ನೂ ಇಲ್ಲೇ ಹೇಳಬೇಕು. ಭಾರತದಲ್ಲಿ ಪ್ಲಗ್-ಇನ್ ಹೈಬ್ರಿಡ್ ಎಸ್‌ಯುವಿ ಇಂದಿಗೂ ಕೋಟಿಯ ಮಾತು. 2022ರ ಡಿಸೆಂಬರ್‌ನಲ್ಲಿ ಬಂದ ಬಿ.ಎಂ.ಡಬ್ಲ್ಯು. ಎಕ್ಸ್‌ಎಂ ಷೋರೂಮ್ ಬೆಲೆಯೇ 2.60 ಕೋಟಿ ರೂಪಾಯಿ ಇತ್ತು. ರೇಂಜ್ ರೋವರ್, ಪೋರ್ಷೆಗಳ ಪ್ಲಗ್-ಇನ್ ಮಾದರಿಗಳೂ ಅದೇ ಸಾಲಿನವು. ದೊಡ್ಡ ತೋಟದ ಮಾಲೀಕರಿಗೆ, ಹೋಂಸ್ಟೇ ಮತ್ತು ರೆಸಾರ್ಟ್ ನಡೆಸುವವರಿಗೆ ಇದು ನಿಜವಾದ ಆಯ್ಕೆಯಿರಬಹುದು. ಉಳಿದವರು ಈ ಲೇಖನದಲ್ಲಿ 'ಪ್ಲಗ್-ಇನ್' ಎಂದಿರುವ ಕಡೆ ಎರಡು ಸಾಧ್ಯತೆಗಳನ್ನು ಮನಸ್ಸಿನಲ್ಲಿಡಿ: ಇಂದು ಕೈಗೆಟುಕುವ ಸ್ಟ್ರಾಂಗ್ ಹೈಬ್ರಿಡ್, ಅಥವಾ ಮುಂದೆ ಕಡಿಮೆ ಬೆಲೆಯ ಪ್ಲಗ್-ಇನ್ ಬಂದಾಗ ಅದನ್ನು ತೂಗಿ ನೋಡುವ ಬಗೆ.

ಹಂತ 2: ಎರಡು ವಾರ ಓಡಾಟದ ಲೆಕ್ಕ ಬರೆಯಿರಿ

ಈಗಿರುವ ಕಾರಿನಲ್ಲೋ ಸ್ಕೂಟರ್‌ನಲ್ಲೋ ಒಂದು ಸಣ್ಣ ಪುಸ್ತಕ ಇಡಿ. ಪ್ರತಿ ರಾತ್ರಿ ಓಡೋಮೀಟರ್ ನೋಡಿ ಮೂರು ಸಂಗತಿ ಬರೆಯಿರಿ: ಎಷ್ಟು ಕಿಲೋಮೀಟರ್, ಎಷ್ಟು ಜನ, ಎಲ್ಲಿಗೆ. 'ನಾವು ತುಂಬಾ ಓಡಾಡುತ್ತೇವೆ' ಎನ್ನುವ ಮನೆಗಳಲ್ಲೂ ಬಹುಪಾಲು ದಿನಗಳ ಲೆಕ್ಕ ಶಾಲೆ, ಬ್ಯಾಂಕು, ಮಾರುಕಟ್ಟೆ, ಆಸ್ಪತ್ರೆ ಸೇರಿ ಮೂವತ್ತನ್ನು ದಾಟುವುದು ಕಡಿಮೆ.

ನಂತರ ದೂರದ ಪ್ರಯಾಣಗಳನ್ನು ಬೇರೆ ಪಟ್ಟಿ ಮಾಡಿ. ಚಿಕ್ಕಮಗಳೂರಿನಿಂದ ಬೇಲೂರಿಗೆ ಸುಮಾರು 25 ಕಿಲೋಮೀಟರ್, ಕಡೂರಿಗೆ ಸುಮಾರು 40, ಹಾಸನಕ್ಕೆ 60ಕ್ಕೂ ಸ್ವಲ್ಪ ಹೆಚ್ಚು. ಹಾಸನದಿಂದ ಸಕಲೇಶಪುರಕ್ಕೆ 40, ಬೆಂಗಳೂರಿಗೆ ಸುಮಾರು 185. ಪುಟ್ಟ ಕಾರಿನ ಕಾಗದದ ಮೇಲಿನ 230 ಕಿಲೋಮೀಟರ್ ನಮ್ಮ ಏರುತಗ್ಗಿನಲ್ಲಿ, ಎ.ಸಿ. ಹಾಕಿಕೊಂಡು 150ರಿಂದ 170ಕ್ಕೆ ಇಳಿಯುತ್ತದೆ ಎಂದು ಇಟ್ಟುಕೊಂಡು ಯೋಜಿಸಿ. ಅಂದರೆ ಚಿಕ್ಕಮಗಳೂರಿನಿಂದ ಬೇಲೂರಿಗೆ ಹೋಗಿ ಬರುವುದು ನೀರು ಕುಡಿದಷ್ಟು ಸುಲಭ. ಹಾಸನಕ್ಕೆ ಹೋಗಿ ಬರುವುದು ಸಾಧ್ಯ, ಆದರೆ ಊರೊಳಗೆ ಸುತ್ತಾಟ ಹೆಚ್ಚಾದರೆ ವಾಪಸು ಬರುವಾಗ ಕಣ್ಣು ಬ್ಯಾಟರಿ ಸೂಚಕದ ಮೇಲೆಯೇ ಇರುತ್ತದೆ. ಹಾಸನ–ಬೆಂಗಳೂರು ಕಾಮೆಟ್‌ಗೆ ಆಗದ ಮಾತು. ಟಿಯಾಗೊ ಆದರೆ ಚನ್ನರಾಯಪಟ್ಟಣದಿಂದ ಕುಣಿಗಲ್‌ವರೆಗೆ ಎಲ್ಲಾದರೂ ಒಂದು ಕಡೆ ಒಂದು ಗಂಟೆಯ ಆಸುಪಾಸು ಚಾರ್ಜ್‌ಗೆ ನಿಲ್ಲಬೇಕು.

ದೂರದ ಪಟ್ಟಿಯಲ್ಲಿ ತಿಂಗಳಿಗೆ ಒಂದೋ ಎರಡೋ ಪ್ರಯಾಣ ಮಾತ್ರ ಇದ್ದರೆ ಅವುಗಳಿಗಾಗಿ ದೊಡ್ಡ ಗಾಡಿ ಕೊಳ್ಳುವುದು ತರವಲ್ಲ. ಆ ದಿನಕ್ಕೆ ಟ್ಯಾಕ್ಸಿ ಹಿಡಿಯಿರಿ, ರೈಲಿಗೆ ಹೋಗಿ, ಕೆ.ಎಸ್‌.ಆರ್‌.ಟಿ.ಸಿ. ಬಸ್ಸಿದೆ. ವಾರಕ್ಕೆ ಎರಡು ಸಲ ಘಟ್ಟ ಇಳಿದು ಮಂಗಳೂರಿಗೆ ಹೋಗುವವರ ಕತೆ ಬೇರೆ.

ಹಂತ 3: ಮೀಟರ್ ಬೋರ್ಡಿನ ಮುಂದೆ ನಿಂತು ನೋಡಿ

ಎರಡೂ ಬಗೆಯ ಕಾರಿಗೆ ಇದು ನಿರ್ಣಾಯಕ ಹಂತ, ಮತ್ತು ಹೆಚ್ಚಿನವರು ಬಿಟ್ಟೇಬಿಡುವ ಹಂತ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

3.3 ಕಿಲೋವ್ಯಾಟ್ ಚಾರ್ಜರ್ 230 ವೋಲ್ಟ್‌ನಲ್ಲಿ 14 ಆಂಪಿಯರ್‌ಗೂ ಹೆಚ್ಚು ವಿದ್ಯುತ್ತನ್ನು ಗಂಟೆಗಟ್ಟಲೆ ಎಳೆಯುತ್ತದೆ. ಗೀಸರ್ ಕೂಡ ಹೆಚ್ಚು ಎಳೆಯುತ್ತದೆ, ಆದರೆ ಅದು ಹದಿನೈದು ನಿಮಿಷಕ್ಕೆ ಆರುತ್ತದೆ. ಇದು ಇಡೀ ರಾತ್ರಿ. ಹಳೆಯ ಮನೆಯ ಸವೆದ ಸಾಕೆಟ್ಟು, ಸಡಿಲ ಸ್ಕ್ರೂ, ಸಣ್ಣ ತಂತಿ ಇದನ್ನು ತಾಳುವುದಿಲ್ಲ. ಬಿಸಿಯಾಗಿ ಪ್ಲಾಸ್ಟಿಕ್ ಕರಗಿದ ವಾಸನೆ ಬಂದಮೇಲೆ ಎಚ್ಚೆತ್ತರೆ ತಡವಾಗಿರುತ್ತದೆ. ಮೀಟರ್ ಬೋರ್ಡಿನಿಂದ ಪಾರ್ಕಿಂಗ್ ಜಾಗಕ್ಕೆ ನೇರವಾಗಿ ಪ್ರತ್ಯೇಕ ಲೈನು ಎಳೆಸಿ: 4 ಚದರ ಮಿಲಿಮೀಟರ್‌ನ ತಾಮ್ರದ ತಂತಿ, ಅದಕ್ಕೇ ಮೀಸಲಾದ ಎಂ.ಸಿ.ಬಿ. (ಲೋಡ್ ಮೀರಿದರೆ ಬೀಳುವ ಸ್ವಿಚ್), 30 ಮಿಲಿ ಆಂಪಿಯರ್‌ನ ಆರ್‌.ಸಿ.ಸಿ.ಬಿ. (ಕರೆಂಟ್ ಸೋರಿದರೆ ಬೀಳುವ ಸ್ವಿಚ್), ಕೈಗಾರಿಕಾ ದರ್ಜೆಯ 16 ಆಂಪಿಯರ್ ಸಾಕೆಟ್ಟು. ದೂರ ಹೆಚ್ಚಿದ್ದರೆ 6 ಚದರ ಮಿಲಿಮೀಟರ್ ತಂತಿ ಹಾಕಿಸಿ. ಎಕ್ಸ್‌ಟೆನ್ಷನ್ ಬಾಕ್ಸ್ ಬಳಸಲೇಬೇಡಿ.

ಅರ್ಥಿಂಗ್ ಬಗ್ಗೆ ಹೆಚ್ಚು ಕಟ್ಟುನಿಟ್ಟಾಗಿರಿ. ಕಾರಿನ ಚಾರ್ಜರ್ ಅರ್ಥ್ ಸರಿಯಿಲ್ಲದಿದ್ದರೆ ಕೆಂಪು ದೀಪ ತೋರಿಸಿ ಚಾರ್ಜ್ ಮಾಡುವುದನ್ನೇ ನಿರಾಕರಿಸುತ್ತದೆ. ಎಲೆಕ್ಟ್ರಿಷಿಯನ್‌ಗೆ ಹೇಳಿ ಮಲ್ಟಿಮೀಟರ್‌ನ ಒಂದು ಕಡ್ಡಿಯನ್ನು ಸಾಕೆಟ್ಟಿನ ನ್ಯೂಟ್ರಲ್‌ನಲ್ಲಿ, ಇನ್ನೊಂದನ್ನು ಅರ್ಥ್‌ನಲ್ಲಿ ಇಡಿಸಿ. ಮನೆಯ ಮಾಮೂಲಿ ಲೋಡ್ ಚಾಲೂ ಇರುವಾಗ ಎರಡು ಮೂರು ವೋಲ್ಟ್‌ನೊಳಗೆ ತೋರಿಸಿದರೆ ನೆಮ್ಮದಿ. ಹತ್ತು ಹದಿನೈದು ತೋರಿಸಿದರೆ ಅರ್ಥ್ ಗುಂಡಿಯನ್ನು ಹೊಸದಾಗಿ ಮಾಡಿಸಿ. ನಮ್ಮಲ್ಲಿ ಮಳೆಗಾಲದಲ್ಲಿ ಮಣ್ಣು ಒದ್ದೆಯಿರುವುದರಿಂದ ಅರ್ಥ್ ಚೆನ್ನಾಗಿ ಕಾಣುತ್ತದೆ. ಮಾರ್ಚ್‌ನಲ್ಲಿ ಮಣ್ಣು ಒಣಗಿದಾಗ ಅದೇ ಗುಂಡಿ ಕೈಕೊಡುತ್ತದೆ. ಪರೀಕ್ಷೆಯನ್ನು ಬೇಸಿಗೆಯಲ್ಲಿ ಮಾಡಿಸಿದರೆ ಉತ್ತಮ.

ವಿದ್ಯುತ್ ಬಿಲ್ಲಿನಲ್ಲಿ ನಿಮಗೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ಬರೆದಿರುತ್ತದೆ. ಒಂದೋ ಎರಡೋ ಇದ್ದರೆ ಅದನ್ನು ಹೆಚ್ಚಿಸಿಕೊಳ್ಳಬೇಕು. ಚಿಕ್ಕಮಗಳೂರು ಜಿಲ್ಲೆಯವರು ಮೆಸ್ಕಾಂ, ಹಾಸನ ಜಿಲ್ಲೆಯವರು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಉಪವಿಭಾಗ ಕಚೇರಿಗೆ ಅರ್ಜಿ ಕೊಡಬೇಕು. ಹೋದಾಗಲೇ ವಾಹನ ಚಾರ್ಜಿಂಗ್‌ಗೆ ಪ್ರತ್ಯೇಕ ಮೀಟರ್ ಪಡೆಯುವ ವಿಚಾರವನ್ನೂ ಕೇಳಿ. ಕಾರಣ, ಮನೆಗಳಿಗೆ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಕೊಡುವ ರಾಜ್ಯ ಸರ್ಕಾರದ ಗೃಹಜ್ಯೋತಿ.

ಗೃಹಜ್ಯೋತಿಯ ಲೆಕ್ಕವನ್ನು ಒಂದು ಉದಾಹರಣೆಯಲ್ಲಿ ನೋಡೋಣ. ನಿಮ್ಮ ಮನೆಯ ಹಿಂದಿನ ಸರಾಸರಿ ಬಳಕೆ 90 ಯೂನಿಟ್ ಎಂದಾದರೆ ಶೇ 10 ಸೇರಿಸಿ 99 ಯೂನಿಟ್ ಉಚಿತ. ತಿಂಗಳಿಗೆ 700 ಕಿಲೋಮೀಟರ್ ಓಡುವ ಪುಟ್ಟ ಕಾರಿಗೆ ಸುಮಾರು 84 ಯೂನಿಟ್ ಬೇಕು. ಒಟ್ಟು 174. ಆಗ 99ಕ್ಕೆ ಮೇಲಿನ 75 ಯೂನಿಟ್‌ಗೆ ಮಾತ್ರ ಹಣ ಕಟ್ಟಿದರೆ ಸಾಕು. ಅದೇ ಕಾರು 1,000 ಕಿಲೋಮೀಟರ್ ಓಡಿದರೆ 120 ಯೂನಿಟ್, ಒಟ್ಟು 210. ಬಳಕೆ 200 ದಾಟಿದ್ದರಿಂದ ಆ ತಿಂಗಳ ಪೂರ್ತಿ ಬಿಲ್ಲು ನಿಮ್ಮ ತಲೆಗೆ. ಯೂನಿಟ್‌ಗೆ ಏಳು ರೂಪಾಯಿ ಎಂದು ಹಿಡಿದರೆ 1,470 ರೂಪಾಯಿ. ಪೆಟ್ರೋಲಿಗೆ ಹೋಲಿಸಿದರೆ ಇದೂ ಅಗ್ಗವೇ. ಆದರೂ ಮನೆಯ ಲೆಕ್ಕವನ್ನು ಕಾರಿನ ಲೆಕ್ಕದಿಂದ ಬೇರ್ಪಡಿಸಿದರೆ ಸೌಲಭ್ಯ ಉಳಿಯುತ್ತದೆ.

ಬಾಡಿಗೆ ಮನೆಯವರು, ರಸ್ತೆಬದಿಯಲ್ಲಿ ಕಾರು ನಿಲ್ಲಿಸುವವರು ಈ ಹಂತದಲ್ಲೇ ನಿಲ್ಲಬೇಕಾಗುತ್ತದೆ. ಮಾಲೀಕರ ಒಪ್ಪಿಗೆ, ಬೀಗ ಹಾಕಬಹುದಾದ ಸಾಕೆಟ್ಟು ಎರಡೂ ಇಲ್ಲದಿದ್ದರೆ ಪ್ಲಗ್ ಬೇಡುವ ಯಾವ ಕಾರೂ ಸದ್ಯಕ್ಕೆ ಬೇಡ.

ಹಂತ 4: ತಿಂಗಳ ಖರ್ಚು ಹಾಕಿ

ತಿಂಗಳಿಗೆ 1,000 ಕಿಲೋಮೀಟರ್, ಕರೆಂಟು ಯೂನಿಟ್‌ಗೆ 7 ರೂಪಾಯಿ, ಪೆಟ್ರೋಲ್ ಲೀಟರ್‌ಗೆ 103 ರೂಪಾಯಿ ಎಂದು ಇಟ್ಟುಕೊಳ್ಳಿ. ನಿಮ್ಮೂರಿನ ಇಂದಿನ ದರ ಹಾಕಿ ತಿದ್ದಿಕೊಳ್ಳಬಹುದು.

ಪುಟ್ಟ ವಿದ್ಯುತ್ ಕಾರು ಚಾರ್ಜಿಂಗ್‌ನಲ್ಲಿ ಸೋರುವುದನ್ನೂ ಸೇರಿಸಿ ಕಿಲೋಮೀಟರ್‌ಗೆ 0.12 ಯೂನಿಟ್ ತಿಂದರೆ 840 ರೂಪಾಯಿ. ಲೀಟರ್‌ಗೆ 15 ಕೊಡುವ ಪೆಟ್ರೋಲ್ ಕಾರಿಗೆ ಸುಮಾರು 6,900. ಲೀಟರ್‌ಗೆ 20 ಕೊಡುವ ಸ್ಟ್ರಾಂಗ್ ಹೈಬ್ರಿಡ್‌ಗೆ 5,150.

ಪ್ಲಗ್-ಇನ್ ಎಸ್‌ಯುವಿಯ ಲೆಕ್ಕ ನಿಮ್ಮ ಕೈಯಲ್ಲಿದೆ. ದಿನಾ ಚಾರ್ಜ್ ಮಾಡಿ 700 ಕಿಲೋಮೀಟರ್ ಕರೆಂಟಿನಲ್ಲಿ, ಉಳಿದ 300 ಪೆಟ್ರೋಲಿನಲ್ಲಿ ಓಡಿಸಿದರೆ, ಕಿಲೋಮೀಟರ್‌ಗೆ 0.28 ಯೂನಿಟ್ ಮತ್ತು ಲೀಟರ್‌ಗೆ 12ರಂತೆ ಒಟ್ಟು 3,950 ರೂಪಾಯಿಯ ಹತ್ತಿರ. ಪ್ಲಗ್ಗನ್ನೇ ಮುಟ್ಟದಿದ್ದರೆ 8,600ರ ಹತ್ತಿರ. ಸ್ಟ್ರಾಂಗ್ ಹೈಬ್ರಿಡ್‌ಗಿಂತ, ಮಾಮೂಲಿ ಪೆಟ್ರೋಲ್ ಕಾರಿಗಿಂತಲೂ ಹೆಚ್ಚು, ಏಕೆಂದರೆ ಖಾಲಿ ಬ್ಯಾಟರಿಯ ತೂಕವನ್ನೂ ಎಂಜಿನ್ನೇ ಹೊತ್ತು ಎಳೆಯಬೇಕು. ಇದು ಬರೀ ಶಂಕೆಯ ಮಾತಲ್ಲ. ಯುರೋಪಿಯನ್ ಕಮಿಷನ್ 2024ರಲ್ಲಿ ಪ್ರಕಟಿಸಿದ ವರದಿಯಂತೆ, ರಸ್ತೆಯ ಮೇಲೆ ಪ್ಲಗ್-ಇನ್ ಹೈಬ್ರಿಡ್‌ಗಳು ಉಗುಳುವ ಇಂಗಾಲದ ಡೈಆಕ್ಸೈಡ್ ಪ್ರಯೋಗಾಲಯದ ಅಂಕಿಗಿಂತ ಸರಾಸರಿ ಮೂರೂವರೆ ಪಟ್ಟು. ಜನ ಅಂದುಕೊಂಡಷ್ಟು ಚಾರ್ಜ್ ಮಾಡುವುದಿಲ್ಲ ಎಂಬುದೇ ಇದಕ್ಕೆ ಮುಖ್ಯ ಕಾರಣ. ಕರಪತ್ರದಲ್ಲಿ 'ಲೀಟರ್‌ಗೆ 60 ಕಿಲೋಮೀಟರ್' ಎಂಬಂಥ ಅಂಕಿ ಕಂಡರೆ ಅದು ತುಂಬಿದ ಬ್ಯಾಟರಿಯಿಂದ ಶುರುಮಾಡಿದ ಪರೀಕ್ಷೆಯದು ಎಂದು ತಿಳಿಯಿರಿ.

ಕಾಮೆಟ್ ಅನ್ನು ಬ್ಯಾಟರಿ ಬಾಡಿಗೆ ಯೋಜನೆಯಲ್ಲಿ ಕೊಳ್ಳುವ ಅವಕಾಶ 2024ರ ಸೆಪ್ಟೆಂಬರ್‌ನಲ್ಲಿ ಬಂತು. ಆರಂಭದ ಬೆಲೆ 4.99 ಲಕ್ಷಕ್ಕೆ ಇಳಿದು, ಕಿಲೋಮೀಟರ್‌ಗೆ 2.5 ರೂಪಾಯಿ ಬಾಡಿಗೆ ನಿಗದಿಯಾಯಿತು. 1,000 ಕಿಲೋಮೀಟರ್‌ಗೆ 2,500 ರೂಪಾಯಿ ಬಾಡಿಗೆ, ಕರೆಂಟಿಗೆ 840. ಉಳಿತಾಯದ ಒಂದು ದೊಡ್ಡ ಪಾಲು ಅಲ್ಲೇ ಹೋಯಿತು. ಜೊತೆಗೆ ತಿಂಗಳಿಗೆ ಕನಿಷ್ಠ ಇಷ್ಟು ಕಿಲೋಮೀಟರ್‌ನ ಬಾಡಿಗೆ ಕಟ್ಟಲೇಬೇಕೆಂಬ ಷರತ್ತು ಒಪ್ಪಂದದಲ್ಲಿದೆಯೇ ಎಂದು ಸಹಿ ಹಾಕುವ ಮುನ್ನ ಓದಿ. ಕಡಿಮೆ ಓಡಿಸುವವರಿಗೆ ಅದು ಕೈ ಕಚ್ಚುತ್ತದೆ. ಸಾಲ ಮಾಡಿಯಾದರೂ ಬ್ಯಾಟರಿ ಸಮೇತ ಕೊಳ್ಳುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಹಂತ 5: ತೆರಿಗೆ, ವಿಮೆ

ಇದನ್ನು ಬೇಗ ಮುಗಿಸೋಣ. ವಿದ್ಯುತ್ ಕಾರಿಗೆ ಜಿ.ಎಸ್‌.ಟಿ. ಶೇ 5. ದೊಡ್ಡ ಹೈಬ್ರಿಡ್ ಎಸ್‌ಯುವಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 40. ಕರ್ನಾಟಕದಲ್ಲಿ 2016ರಿಂದ ವಿದ್ಯುತ್ ವಾಹನಗಳಿಗೆ ರಸ್ತೆ ತೆರಿಗೆಯ ವಿನಾಯಿತಿ ಸಿಕ್ಕಿತ್ತು. 2024ರ ಮಾರ್ಚ್‌ನಲ್ಲಿ 25 ಲಕ್ಷ ಮೀರಿದ ವಿದ್ಯುತ್ ಕಾರುಗಳಿಗೆ ಶೇ 10ರ ಆಜೀವ ತೆರಿಗೆ ಬಂತು. ಈ ದರಗಳು ಬದಲಾಗುತ್ತಲೇ ಇರುವುದರಿಂದ ಬುಕ್ ಮಾಡುವ ದಿನ ಆರ್‌.ಟಿ.ಒ. ದರವನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಪ್ಲಗ್-ಇನ್ ಹೈಬ್ರಿಡ್ ತೆರಿಗೆಯ ಕಣ್ಣಿನಲ್ಲಿ ಪೆಟ್ರೋಲ್ ಗಾಡಿಯೇ. 20 ಲಕ್ಷ ಮೀರಿದರೆ ಶೇ 18, ಅದರ ಮೇಲೆ ಸೆಸ್. ಒಂದು ಕೋಟಿಯ ಗಾಡಿಗೆ ತೆರಿಗೆಯೇ 18 ಲಕ್ಷ ದಾಟುತ್ತದೆ. ಆ ದುಡ್ಡಿಗೆ ಎರಡು ಪುಟ್ಟ ವಿದ್ಯುತ್ ಕಾರುಗಳು ಬರುತ್ತವೆ.

ಥರ್ಡ್ ಪಾರ್ಟಿ ವಿಮೆಯ ಕಂತಿನಲ್ಲಿ ವಿದ್ಯುತ್ ಕಾರಿಗೆ ಶೇ 15, ಹೈಬ್ರಿಡ್‌ಗೆ ಶೇ 7.5 ರಿಯಾಯಿತಿಯನ್ನು 2022ರ ಜೂನ್‌ನಿಂದ ಕೊಡಲಾಗಿದೆ. ವಿದ್ಯುತ್ ವಾಹನ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ಒಂದೂವರೆ ಲಕ್ಷದ ವಿನಾಯಿತಿ ಇದೆ ಎಂದು ಈಗಲೂ ಹೇಳುವ ಮಾರಾಟಗಾರರಿದ್ದಾರೆ. ಆ ಸೌಲಭ್ಯ 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗೆ ಮಾತ್ರ.

ಹಂತ 6: ಗುಡ್ಡ, ಘಟ್ಟ, ಮಳೆ

ಬಯಲುಸೀಮೆಯವರು ಬರೆದ ವಿಮರ್ಶೆಗಳಲ್ಲಿ ಇದು ಸಿಗುವುದಿಲ್ಲ. ಚಿಕ್ಕಮಗಳೂರು ಪೇಟೆ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿಯ ನೆತ್ತಿ 1,930 ಮೀಟರ್. ಗಾಡಿ ಹೋಗುವವರೆಗಿನ ಏರಿಕೆಯನ್ನು 800 ಮೀಟರ್ ಎಂದೇ ಹಿಡಿಯೋಣ. ಜನರೂ ಸೇರಿ ಒಂದು ಟನ್‌ಗಿಂತ ಸ್ವಲ್ಪ ಹೆಚ್ಚು ತೂಗುವ ಪುಟ್ಟ ಕಾರನ್ನು ಅಷ್ಟು ಮೇಲೆತ್ತಲು ಮಾಮೂಲಿ ಓಟದ ಖರ್ಚಿನ ಜೊತೆಗೆ ಎರಡೂವರೆ ಯೂನಿಟ್ ಹೆಚ್ಚಿಗೆ ಬೇಕು, ಅಂದರೆ ಕಾಮೆಟ್‌ನ ಬ್ಯಾಟರಿಯ ಏಳನೇ ಒಂದು ಭಾಗ. ಎರಡೂಮುಕ್ಕಾಲು ಟನ್ ತೂಗುವ ಎಸ್‌ಯುವಿಗೆ ಅದೇ ಏರಿಗೆ ಏಳು ಯೂನಿಟ್‌ನಷ್ಟು. ಇಳಿಯುವಾಗ ಮೋಟರ್ ಬ್ರೇಕಿನಂತೆ ವರ್ತಿಸಿ ಅದರಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಹಿಂತಿರುಗಿಸುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಬ್ಯಾಟರಿ ನೂರಕ್ಕೆ ನೂರು ತುಂಬಿದ್ದರೆ ಆ ಹಿಂತಿರುಗುವ ವಿದ್ಯುತ್ತಿಗೆ ಜಾಗವಿಲ್ಲ, ಮೋಟರ್ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಗುಡ್ಡದ ಮೇಲಿನ ತೋಟದ ಮನೆಯಿಂದ ಬೆಳಿಗ್ಗೆ ಕೆಳಗೆ ಇಳಿಯುವವರು, ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವವರು ಶೇ 85ಕ್ಕೆ ಚಾರ್ಜ್ ನಿಲ್ಲಿಸಿಕೊಂಡು ಹೊರಟರೆ ಬ್ರೇಕ್ ಪ್ಯಾಡೂ ಉಳಿಯುತ್ತದೆ, ವಿದ್ಯುತ್ತೂ ಉಳಿಯುತ್ತದೆ. ಪ್ಲಗ್-ಇನ್ ಹೈಬ್ರಿಡ್‌ನವರು ಘಟ್ಟದ ಬುಡ ತಲುಪುವವರೆಗೆ 'ಹೋಲ್ಡ್' ಅಥವಾ 'ಸೇವ್' ಎಂಬ ಆಯ್ಕೆ ಒತ್ತಿ ಬ್ಯಾಟರಿ ಉಳಿಸಿಕೊಳ್ಳಬೇಕು. ಏರಿನಲ್ಲಿ ಎಂಜಿನ್ ಮತ್ತು ಮೋಟರ್ ಎರಡೂ ಕೂಡಿ ಎಳೆಯುವಾಗ ಆ ಗಾಡಿಯ ನಿಜವಾದ ತಾಕತ್ತು ಕಾಣುವುದು. ಶಿರಾಡಿಯಲ್ಲಿ ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡಾಗ ಕರೆಂಟಿನಲ್ಲೇ ಸದ್ದಿಲ್ಲದೆ ತೆವಳುವ ಸುಖವೂ ಅದಕ್ಕಿದೆ, ಒಪ್ಪಿಕೊಳ್ಳುತ್ತೇನೆ.

ಮಳೆಗಾಲದಲ್ಲಿ ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಬಾರದಿರುವುದು ಎಲ್ಲರಿಗೂ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. ದಿನಕ್ಕೆ ಮೂವತ್ತು ಕಿಲೋಮೀಟರ್ ಓಡಾಡುವವರಿಗೆ ಅರ್ಧ ಬ್ಯಾಟರಿ ಎರಡು ದಿನಕ್ಕೆ ಧಾರಾಳ. ಮನೆಯ ಯು.ಪಿ.ಎಸ್‌.ನಿಂದ ಕಾರು ಚಾರ್ಜ್ ಆಗುವುದಿಲ್ಲ. ತೋಟದ ಜನರೇಟರ್‌ನಿಂದ ಮಾಡಬಹುದು, ಆದರೆ ಲೀಟರ್ ಡೀಸೆಲ್‌ಗೆ ಮೂರು ಯೂನಿಟ್ ಸಿಕ್ಕರೆ ಹೆಚ್ಚು. ಯೂನಿಟ್‌ಗೆ ಮೂವತ್ತು ರೂಪಾಯಿ ಬೀಳುತ್ತದೆ. ವಾರಗಟ್ಟಲೆ ಕರೆಂಟ್ ಕೈಕೊಡುವ ಒಳಊರಿನಲ್ಲಿ ಒಂದೇ ಕಾರು ಇಟ್ಟುಕೊಳ್ಳುವವರು ಪೆಟ್ರೋಲ್ ಟ್ಯಾಂಕ್ ಇರುವ ಗಾಡಿಯನ್ನೇ ಆರಿಸಲಿ. ರಾತ್ರಿ ಹೊತ್ತು ಆಸ್ಪತ್ರೆಗೆ ಹೊರಡಬೇಕಾದಾಗ ಲೆಕ್ಕಾಚಾರಕ್ಕೆ ಸಮಯವಿರುವುದಿಲ್ಲ. ಬೇಲೂರು ತಾಲ್ಲೂಕಿನ ಬಿಕ್ಕೋಡು, ಸಕಲೇಶಪುರದ ಆನೆ ಓಡಾಡುವ ರಸ್ತೆಗಳಲ್ಲಿ ಚಾರ್ಜ್ ಮುಗಿಸಿಕೊಂಡು ನಿಲ್ಲುವ ಸ್ಥಿತಿ ಯಾರಿಗೂ ಬರಬಾರದು.

ಗುಂಡಿಗಳ ವಿಷಯದಲ್ಲಿ ಕಾಮೆಟ್‌ನ 12 ಇಂಚಿನ ಚಕ್ರ ಸೋಲುತ್ತದೆ. ದೊಡ್ಡ ಚಕ್ರ ದಾಟಿಕೊಂಡು ಹೋಗುವ ಗುಂಡಿಗೆ ಸಣ್ಣ ಚಕ್ರ ಇಳಿದೇ ಏಳಬೇಕು. ತೋಟದ ಕಚ್ಚಾ ರಸ್ತೆಗೆ, ಜಲ್ಲಿ ಎದ್ದ ಏರಿಗೆ ಇದು ಹೇಳಿಮಾಡಿಸಿದ್ದಲ್ಲ. ಟಿಯಾಗೊ ಪರವಾಗಿಲ್ಲ. ಎಸ್‌ಯುವಿ ಇಲ್ಲಿ ಗೆಲ್ಲುತ್ತದೆ, ಅನುಮಾನವಿಲ್ಲ. ಸ್ಟೆಪ್ನಿ ಇದೆಯೇ ಎಂದು ಮಾತ್ರ ಎರಡರಲ್ಲೂ ಕೇಳಿ. ಜಾಗ ಉಳಿಸಲು ಹಲವು ಮಾದರಿಗಳಲ್ಲಿ ಬರೀ ಪಂಕ್ಚರ್ ಕಿಟ್ ಕೊಡುತ್ತಾರೆ. ಮೊಬೈಲ್ ಸಿಗ್ನಲ್ ಇಲ್ಲದ ಕುದುರೆಮುಖದ ದಾರಿಯಲ್ಲಿ ಟೈರಿನ ಪಕ್ಕೆ ಹರಿದರೆ ಕಿಟ್‌ನಿಂದ ಏನೂ ಆಗದು.

ಇಲಿಯ ಕಾಟವನ್ನೂ ಮರೆಯಬೇಡಿ. ಕಣದ ಪಕ್ಕದ ಶೆಡ್ಡಿನಲ್ಲಿ ನಿಂತ ಕಾರಿನ ತಂತಿಯನ್ನು ಇಲಿ ಕಡಿದರೆ ಪೆಟ್ರೋಲ್ ಕಾರಾದರೆ ಊರಿನ ಮೆಕ್ಯಾನಿಕ್ ಸರಿಮಾಡಿಯಾನು. ಇವುಗಳಲ್ಲಿ ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳು ಅಧಿಕ ವೋಲ್ಟೇಜಿನವು, ತರಬೇತಿ ಪಡೆಯದವರು ಮುಟ್ಟಲೇಬಾರದು. ಇಲಿ ಹಾನಿ ವಿಮೆಯಲ್ಲಿ ಬರುತ್ತದೆಯೇ, ತರಬೇತಿ ಪಡೆದ ಮೆಕ್ಯಾನಿಕ್ ಇರುವ ಸರ್ವಿಸ್ ಕೇಂದ್ರ ಎಷ್ಟು ದೂರದಲ್ಲಿದೆ, ಎರಡನ್ನೂ ವಿಚಾರಿಸಿ. ಪ್ರತಿ ಸರ್ವಿಸ್‌ಗೂ ಮಂಗಳೂರಿಗೋ ಬೆಂಗಳೂರಿಗೋ ಒಯ್ಯಬೇಕಾದ ಎಸ್‌ಯುವಿ ಆದರೆ ಆ ದಿನಗಳನ್ನೂ ಖರ್ಚಿಗೆ ಸೇರಿಸಿ. ಅದರಲ್ಲಿ ಎಂಜಿನ್ ಆಯಿಲ್, ಗೇರ್‌ಬಾಕ್ಸ್, ಜೊತೆಗೆ ಬ್ಯಾಟರಿಯ ಕೂಲಿಂಗ್, ಹೀಗೆ ಎರಡು ಯಂತ್ರಗಳ ನಿರ್ವಹಣೆ ಇರುತ್ತದೆ.

ಹಂತ 7: ಟೆಸ್ಟ್ ಡ್ರೈವ್ ನಿಮ್ಮ ರಸ್ತೆಯಲ್ಲೇ ಆಗಲಿ

ಷೋರೂಮಿನ ಮುಂದಿನ ನುಣುಪಾದ ರಸ್ತೆಯಲ್ಲಿ ಎಲ್ಲ ಕಾರೂ ಚೆನ್ನಾಗಿರುತ್ತದೆ. ಮನೆಯವರನ್ನೆಲ್ಲ ಕೂರಿಸಿಕೊಂಡು ನಿಮ್ಮ ಮನೆಯ ಕಡೆಗೇ ಓಡಿಸಿ. ಕಡಿದಾದ ಏರಿನ ಅರ್ಧದಲ್ಲಿ ನಿಲ್ಲಿಸಿ, ಬ್ರೇಕಿನಿಂದ ಕಾಲು ತೆಗೆದು ಮತ್ತೆ ಹೊರಡಿ, ಹಿಂದಕ್ಕೆ ಜಾರುತ್ತದೆಯೇ ನೋಡಿ. ಕಾಮೆಟ್‌ನ ಹಿಂದಿನ ಸೀಟಿಗೆ ಮುಂದಿನ ಸೀಟನ್ನು ಮಡಚಿ ನುಸುಳಬೇಕು. ಮೊಣಕಾಲು ನೋವಿರುವ ಅಜ್ಜಿ ಸೀರೆ ಸಾವರಿಸಿಕೊಂಡು ಹತ್ತಿ ಇಳಿಯಬಲ್ಲರೇ ಎಂಬುದನ್ನು ಅವರೇ ಹತ್ತಿ ತೋರಿಸಲಿ. ಹಿಂದಿನ ಸೀಟು ಮಡಚದಿದ್ದರೆ ಡಿಕ್ಕಿಯಲ್ಲಿ ಒಂದು ಅಕ್ಕಿ ಮೂಟೆಗೂ ಜಾಗವಿಲ್ಲ.

ಎಸ್‌ಯುವಿಯಲ್ಲಿ ವಿದ್ಯುತ್ ಮೋಡ್ ಹಾಕಿ ಅದೇ ಏರಿನಲ್ಲಿ ಆಕ್ಸಿಲರೇಟರ್ ಒತ್ತಿ. ಬ್ಯಾಟರಿ ಇದ್ದರೂ ಎಂಜಿನ್ ಎಚ್ಚರಗೊಳ್ಳುತ್ತದೆಯೇ ಗಮನಿಸಿ. ನಿಮ್ಮ ದಿನನಿತ್ಯದ ದಾರಿಯಲ್ಲಿ ಅದು ಪದೇಪದೇ ಎದ್ದರೆ ನಾಲ್ಕನೇ ಹಂತದ ಲೆಕ್ಕವನ್ನು ಪೆಟ್ರೋಲ್ ಕಡೆಗೆ ತಿದ್ದಿಕೊಳ್ಳಿ. ಇಕ್ಕಟ್ಟಾದ ಸಂತೆಪೇಟೆಯಲ್ಲೂ ಒಮ್ಮೆ ತಿರುಗಿಸಿ ನೋಡಿ. ಹಾಸನದ ಸಂತೆಪೇಟೆಯಲ್ಲಿ ಐದು ಮೀಟರ್ ಉದ್ದದ ಗಾಡಿಯನ್ನು ಹೊರಳಿಸುವುದು ಹೇಗಿರುತ್ತದೆಂದು ಕೊಳ್ಳುವ ಮೊದಲೇ ತಿಳಿಯಬೇಕು.

ಹೆದ್ದಾರಿಯಲ್ಲಿ ಹೆಚ್ಚು ಓಡಿಸುವವರು ಸುರಕ್ಷತೆಯನ್ನು ಎಲ್ಲಕ್ಕಿಂತ ಮೇಲೆ ಇಡಿ. 2023ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯ ಅಂಕಗಳು ಸಾರ್ವಜನಿಕವಾಗಿ ಸಿಗುತ್ತಿವೆ. ನೀವು ನೋಡುತ್ತಿರುವ ಮಾದರಿಗೆ ಅಂಕ ಇದೆಯೇ, ಏರ್‌ಬ್ಯಾಗ್ ಎಷ್ಟು, ಇ.ಎಸ್‌.ಸಿ. (ಗಾಡಿ ಜಾರದಂತೆ ಹಿಡಿತ ಕಾಯುವ ವ್ಯವಸ್ಥೆ) ಇದೆಯೇ ಎಂದು ಪರಿಶೀಲಿಸಿ. 42 ಅಶ್ವಶಕ್ತಿಯ ಕಾಮೆಟ್ ಅನ್ನು ಲಾರಿಗಳ ನಡುವೆ ಬಿ.ಎಂ. (ಬೆಂಗಳೂರು–ಮಂಗಳೂರು) ರಸ್ತೆಯಲ್ಲಿ ದೂರದೂರ ಓಡಿಸುವಂತೆ ನಾನು ಯಾರಿಗೂ ಹೇಳುವುದಿಲ್ಲ.

ಹಂತ 8: ನಿಮ್ಮ ಮನೆ ಯಾವ ಬಗೆಯದು?

ಪೇಟೆಯ ಮನೆ, ಸ್ವಂತ ಗೇಟು, ಈಗಾಗಲೇ ಒಂದು ಪೆಟ್ರೋಲ್ ಕಾರಿದೆ, ಎರಡನೆಯದಕ್ಕೆ ನೋಡುತ್ತಿದ್ದೀರಿ ಎಂದಾದರೆ ಕಣ್ಣುಮುಚ್ಚಿ ಪುಟ್ಟ ವಿದ್ಯುತ್ ಕಾರು ಕೊಳ್ಳಿ. ಆರು ತಿಂಗಳೊಳಗೆ ಮನೆಯ ಎಲ್ಲರೂ ಅದರ ಕೀಲಿಗೇ ಕೈ ಹಾಕುತ್ತಾರೆ, ಹಳೆಯದು ದೂರದ ಊರಿಗೆ ಮಾತ್ರ ಹೊರಡುತ್ತದೆ.

ಮನೆಗೆ ಇದೊಂದೇ ಕಾರು, ನಾಲ್ಕೈದು ಜನ, ಬೇಲೂರು–ಹಾಸನ–ಕಡೂರು ಓಡಾಟ ಎಂದಾದರೆ ಕಾಮೆಟ್ ಬಿಟ್ಟು ಟಿಯಾಗೊದಂಥ ಐದು ಬಾಗಿಲಿನ, ಡಿ.ಸಿ. ಚಾರ್ಜಿಂಗ್ ಇರುವ ಕಾರು ನೋಡಿ. ದೊಡ್ಡ ಬ್ಯಾಟರಿಯ ಮಾದರಿಗೆ ಕೊಡುವ ಹೆಚ್ಚಿನ ಹಣ ನಷ್ಟವಲ್ಲ.

ತೋಟದ ಮನೆ, ಕೆಟ್ಟ ರಸ್ತೆ, ಕರೆಂಟಿನ ಭರವಸೆ ಇಲ್ಲ, ತಿಂಗಳಿಗೆ ನಾಲ್ಕಾರು ಸಲ ಘಟ್ಟ ಇಳಿಯುವುದಿದೆ ಎಂಬವರಿಗೆ ಸ್ಟ್ರಾಂಗ್ ಹೈಬ್ರಿಡ್ ಇಂದು ಸರಿಯಾದ ಉತ್ತರ. ಕೋಟಿ ಖರ್ಚು ಮಾಡುವ ಶಕ್ತಿಯಿದ್ದು, ಶೆಡ್ಡಿನಲ್ಲಿ ಒಳ್ಳೆಯ ಲೈನಿದ್ದು, ಪ್ರತಿ ರಾತ್ರಿ ಪ್ಲಗ್ ಹಾಕುವವರು ಯಾರೆಂದು ಮನೆಯಲ್ಲಿ ನಿಶ್ಚಯವಾಗಿದ್ದರೆ ಪ್ಲಗ್-ಇನ್ ಹೈಬ್ರಿಡ್ ಚಂದದ ಗಾಡಿ. ಪೇಟೆಗೆ ಹೋಗಿಬರುವುದು ಕರೆಂಟಿನಲ್ಲಿ, ಮಂಗಳೂರು ಪೆಟ್ರೋಲಿನಲ್ಲಿ. ಅಂಥವರು ಟ್ಯಾಂಕ್ ಪೂರ್ತಿ ತುಂಬಿಸಿ ತಿಂಗಳುಗಟ್ಟಲೆ ಬಿಡಬಾರದು. ಎಥನಾಲ್ ಬೆರೆತ ಪೆಟ್ರೋಲ್ ನಮ್ಮ ತೇವದ ಹವೆಯಲ್ಲಿ ನೀರಿನಂಶ ಎಳೆದುಕೊಳ್ಳುತ್ತದೆ. ಅರ್ಧ ಟ್ಯಾಂಕ್ ಹಾಕಿಸಿ, ಆಗಾಗ ಎಂಜಿನ್ ಓಡಿಸಿ ಖಾಲಿಮಾಡುತ್ತಿರಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅಧಿಕೃತ ಸರ್ವಿಸ್ ಕೇಂದ್ರದಿಂದ ಬ್ಯಾಟರಿಯ ಆರೋಗ್ಯದ ವರದಿ ಕೇಳಿ. ಹೊಸ ಕಾಮೆಟ್‌ನ ಬ್ಯಾಟರಿಗೆ 8 ವರ್ಷ ಅಥವಾ 1.2 ಲಕ್ಷ ಕಿಲೋಮೀಟರ್, ಟಿಯಾಗೊಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಕೊಟ್ಟಿದ್ದಾರೆ. ಅದು ಎರಡನೇ ಮಾಲೀಕರಿಗೂ ವರ್ಗವಾಗುತ್ತದೆಯೇ, ಮಧ್ಯದಲ್ಲಿ ಸರ್ವಿಸ್ ತಪ್ಪಿಸಿದ್ದರೆ ರದ್ದಾಗುತ್ತದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಹಂತ 9: ಗಾಡಿ ಮನೆಗೆ ಬರುವ ಮುನ್ನ

ಚಾರ್ಜಿಂಗ್ ಲೈನು ಮೊದಲು, ಕಾರು ಆಮೇಲೆ. ಡೆಲಿವರಿಗೆ ಒಂದು ವಾರ ಮೊದಲೇ ಸಾಕೆಟ್ಟು ಸಿದ್ಧವಾಗಿರಲಿ, ಮಳೆ ಎರಚಲು ಬೀಳದಂತೆ ಅದರ ಮೇಲೊಂದು ಮರೆ ಇರಲಿ. ಡೆಲಿವರಿ ದಿನ ಚಾರ್ಜರ್ ಕೇಬಲ್ಲಿನ ಉದ್ದ ಅಳೆದು, ಕಾರು ನಿಲ್ಲುವ ದಿಕ್ಕಿನಲ್ಲಿ ಕಿಂಡಿಗೆ ತಲುಪುತ್ತದೆಯೇ ನೋಡಿ. ವಿದ್ಯುತ್ ಕಾರಿಗೆ ಹಸಿರು ನಂಬರ್ ಪ್ಲೇಟು ಬರಬೇಕು, ಹೈಬ್ರಿಡ್‌ಗೆ ಮಾಮೂಲಿ ಬಿಳಿ. ಮೊದಲ ರಾತ್ರಿ ಚಾರ್ಜ್‌ಗೆ ಹಾಕಿ ಒಂದು ಗಂಟೆಯ ನಂತರ ಪ್ಲಗ್ಗಿನ ಹೊರಮೈಯನ್ನೂ ತಂತಿಯನ್ನೂ ಕೈಯ ಹಿಂಭಾಗದಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಹಿಂದೆಗೆಯುವಷ್ಟು ಬಿಸಿಯಿದ್ದರೆ ಸ್ವಿಚ್ ಆರಿಸಿ, ಬೆಳಿಗ್ಗೆ ಎಲೆಕ್ಟ್ರಿಷಿಯನ್ ಬಂದು ಬಿಗಿ ಮಾಡುವವರೆಗೆ ಮತ್ತೆ ಹಾಕಬೇಡಿ.